ಅಕ್ಕನ ಕಲ್ಲಿನ ಮೇಲಿಂದ ಕುದುರೆಗೆ

ನನ್ನ ಎಡಗಡೆಯ ಸೊಂಟದ ಕೀಲು ಈಗ ಲೋಹದ್ದು. ಮಧುರೆಯ ಒಂದು ಆಸ್ಪತ್ರೆಯಲ್ಲಿ ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸಿ ಎರಡು ವರ್ಷವಾಗುತ್ತಾ ಬಂತು. ಡಾಕ್ಟರು ಒಳ್ಳೆಯವರು, ಕೆಲಸ ಚೊಕ್ಕವಾಗಿ ಮಾಡಿದರು, ಅವರ ಮೇಲೆ ನನ್ನ ದೂರಿಲ್ಲ. ದೂರು ಇರುವುದೆಲ್ಲ ಮನೆಯವರ ಮೇಲೆ. ಆಸ್ಪತ್ರೆಯಿಂದ ಬಂದ ವಾರದಲ್ಲೇ ನಮ್ಮ ಯಜಮಾನರು, ನನ್ನನ್ನು ನೋಡಲು ಬಂದವರಿಗೆಲ್ಲ, ಇನ್ನು ಇವಳಿಗೆ ಕುದುರೆ ಇಲ್ಲ ಎಂದು ಸಾರತೊಡಗಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವೇನೂ ಇರಲಿಲ್ಲ. ಎಷ್ಟೋ ವರ್ಷದಿಂದ ಕಾಯುತ್ತಿದ್ದ ಸುದ್ದಿಯನ್ನು ಹಂಚುವವರ ಹಾಗೆ ಹಂಚಿದರು.

ಡಾಕ್ಟರು ಹೇಳಿದ್ದು ಬೇರೆಯೇ. ತೇನಿ ಹತ್ತಿರದ ಕೊಂಬೈನ ರೈತರ ಮನೆಯ ಅರವತ್ತು ದಾಟಿದ ಹೆಂಗಸು ಕುದುರೆ ಹತ್ತಬಹುದಾ ಎಂದು ಕೇಳಿದರೆ ಯಾರಿಗಾದರೂ ನಗು ಬರುತ್ತದೆ, ಅವರಿಗೂ ಬಂತು. ನಕ್ಕು ಮುಗಿಸಿ ಸರಿಯಾದ ಉತ್ತರವನ್ನೂ ಕೊಟ್ಟರು. ಒಂದು ವರ್ಷ ಕಾಯಬೇಕು. ಬೀಳಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ನೆಲದ ಮೇಲೆ ನಿಂತು ಎಡಗಾಲನ್ನು ಜೀನಿನ ರಿಕಾಪಿನ ಬಳೆಗೆ ಎತ್ತಿಡಕೂಡದು. ಮಂಡಿ ಎದೆಯ ಹತ್ತಿರಕ್ಕೆ ಬಂದರೆ ಹೊಸ ಕೀಲು ಜಾರಿಬಿಡಬಹುದು. ಜೀನಿನ ಎತ್ತರಕ್ಕೆ ಏನನ್ನಾದರೂ ಹತ್ತಿ ನಿಂತು, ಬಲಗಾಲನ್ನು ಆಚೆಗೆ ದಾಟಿಸಿ ಮೆಲ್ಲಗೆ ಕೂರಬೇಕು. ಇಳಿಯುವುದೂ ಹಾಗೆಯೇ. ನಾಲ್ಕು ಮೆಟ್ಟಿಲು ಕಟ್ಟಿಸಿಕೊಂಡರೆ ಸಾಕು ಅಂದರು. ಅವರಿಗೆ ನಾಲ್ಕು ಮೆಟ್ಟಿಲು ಎಂದರೆ ನಾಲ್ಕು ಮೆಟ್ಟಿಲಷ್ಟೇ. ನಮ್ಮ ಮನೆಯನ್ನು ಅವರು ನೋಡಿಲ್ಲ.

ಕುದುರೆಗೆ ನಾನು ಯಾಕೆ ಹೀಗೆ ಜೋತುಬಿದ್ದೆ ಎಂದು ಹೇಳಬೇಕಾದರೆ ಅಕ್ಕನಿಂದ ಶುರುಮಾಡಬೇಕು. ನಾವಿಬ್ಬರೂ ಹನುಮಂತನಪಟ್ಟಿಯ ದ್ರಾಕ್ಷಿ ತೋಟದವರ ಮನೆಯಲ್ಲಿ ಹುಟ್ಟಿದವರು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕನನ್ನು ಕೊಂಬೈನ ಈ ಮನೆಗೆ ಕೊಟ್ಟಿದ್ದರು. ಎಂಟು ತಿಂಗಳ ಬಸುರಿಯಾಗಿದ್ದಾಗ ಜ್ವರ ಬಂದು, ಮಗು ಹೊಟ್ಟೆಯಲ್ಲಿರುವಂತೆಯೇ ತೀರಿಕೊಂಡಳು. ವರ್ಷ ತುಂಬಿದ ಮೇಲೆ ಅದೇ ಮನೆಗೆ, ಅದೇ ಗಂಡನಿಗೆ ನನ್ನನ್ನು ಕೊಟ್ಟರು. ನನಗೆ ಹದಿನೇಳು. ಗೊತ್ತಿರುವ ಮನೆ, ಹುಡುಗಿ ಹೊಂದಿಕೊಳ್ಳುತ್ತಾಳೆ ಎಂದು ಎರಡೂ ಕಡೆಯ ಹಿರಿಯರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ನನ್ನನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಕೇಳಿದ್ದರೂ ಆಗ ನನಗೆ ಹೇಳಲು ಬಾಯಿ ಇರಲಿಲ್ಲ, ಅದು ಬೇರೆ ಮಾತು.

ಬಂದೆ. ಅಕ್ಕನ ಸೀರೆಗಳು ಹಾಗೇ ಇದ್ದವು, ಉಟ್ಟೆ. ಅಕ್ಕನ ರವಿಕೆಗಳ ಪಕ್ಕಕ್ಕೆ ಹೊಲಿಗೆ ಹಾಕಿಕೊಂಡು ತೊಟ್ಟೆ. ಅಕ್ಕನ ಒರಳು, ಅಕ್ಕನ ಮಂಚ, ಕನ್ನಡಿಯ ಮೂಲೆಯಲ್ಲಿ ಅಕ್ಕ ಅಂಟಿಸಿಟ್ಟ ಬಿಂದಿ. ಗಂಡನೂ ಅಕ್ಕನವರೇ. ಅಡಿಗೆ ಬಡಿಸಿದರೆ ಉಪ್ಪು ಹದವಾಗಿದೆ ಅನ್ನುತ್ತಿರಲಿಲ್ಲ ಅವರು, ಅವಳ ಹಾಗೆ ಬಂದಿದೆ ಅನ್ನುತ್ತಿದ್ದರು. ಅದು ಹೊಗಳಿಕೆ ಎಂದು ಅವರು ಇವತ್ತಿಗೂ ನಂಬಿದ್ದಾರೆ. ಮೊದಮೊದಲು ಅಕ್ಕ ಸತ್ತದ್ದಕ್ಕೆ ಅಳುತ್ತಿದ್ದೆ. ಆಮೇಲೆ ಅವಳ ಮೇಲೆ ಸಿಟ್ಟು ಬರತೊಡಗಿತು. ಸತ್ತವಳ ಮೇಲೆ ಸಿಟ್ಟು ಮಾಡುತ್ತೇನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯೂ ಆಗುತ್ತಿತ್ತು.

ಕುದುರೆ ಬಂದದ್ದು ನನಗೆ ಮೂವತ್ತನಾಲ್ಕು ಆದಾಗ. ಊರಿನ ಪಡುವಲಿಗೆ ಬೆಟ್ಟದ ಮೇಲೆ ನಮ್ಮದೊಂದು ತೋಟವಿದೆ, ಬೂರುಗ, ನಿಂಬೆ, ಒಂದಿಷ್ಟು ಮೆಣಸು. ಜೀಪು ಹೋಗುವುದಿಲ್ಲ, ನಡೆದರೆ ಒಂದೂವರೆ ಗಂಟೆಯ ಏರು. ಯಜಮಾನರು ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೆ ಬೆಟ್ಟ ಹತ್ತುವುದನ್ನು ಬಿಟ್ಟರು. ತೋಟ ನನ್ನ ತಲೆಗೆ ಬಂತು. ಬೂರುಗದ ಕಾಯಿಯ ಮೂಟೆ ಇಳಿಸಲು ಒಂದು ಮಟ್ಟ ತಂದೆವು. ಮಟ್ಟ ಎಂದರೆ ಇಲ್ಲಿನ ಕುಳ್ಳ ಕುದುರೆ, ಬೆಟ್ಟದ ಸರಕು ಹೊರುವುದಕ್ಕೇ ಸಾಕುವಂಥದ್ದು. ಕೆಳಗೆ ಬರುವಾಗ ಅದರ ಮೇಲೆ ಮೂಟೆ ಇರುತ್ತದೆ, ಮೇಲೆ ಹೋಗುವಾಗ ಖಾಲಿ. ಖಾಲಿ ಕುದುರೆಯ ಹಿಂದೆ ನಾನು ಏದುಸಿರು ಬಿಡುತ್ತಾ ನಡೆಯುವುದು ಯಾವ ನ್ಯಾಯ ಎಂದು ಒಂದು ದಿನ ಹತ್ತಿ ಕೂತೆ. ಆಮೇಲೆ ಕೊಡೈಕಾನಲ್‌ನಲ್ಲಿ ಪ್ರವಾಸಿಗಳಿಗೆ ಕುದುರೆ ಸವಾರಿ ಮಾಡಿಸುತ್ತಿದ್ದವನಿಂದ ಒಂದು ಹಳೆಯ ಜೀನನ್ನೂ ತರಿಸಿದೆ. ಊರು ನಕ್ಕಿತು, ನಗಲಿ ಎಂದು ಬಿಟ್ಟೆ. ಅಕ್ಕ ಕುದುರೆಯ ಹತ್ತಿರವೂ ಸುಳಿದವಳಲ್ಲ. ಆ ಏರಿನಲ್ಲಿ ಅವಳ ಹಾಗೆ ಎಂದು ಹೇಳಲು ಯಾರಿಗೂ ಬಾಯಿ ಇರಲಿಲ್ಲ. ಬಾಳಿನಲ್ಲಿ ನಾನೇ ಹುಡುಕಿಕೊಂಡದ್ದು, ನನಗೇ ಸೇರಿದ್ದು ಎಂದರೆ ಅದೊಂದೇ.

ಯಜಮಾನರು ಆಗ ಒಂದು ಕಟ್ಟಳೆ ಹಾಕಿದ್ದರು. ಕುದುರೆ ಟಾರು ರಸ್ತೆ ದಾಟಿ ಊರೊಳಗೆ ಬರಕೂಡದು, ತಮ್ಮ ಹೆಂಡತಿ ಬೀದಿಯಲ್ಲಿ ಕುದುರೆ ಮೇಲೆ ಕೂತದ್ದನ್ನು ಯಾರೂ ನೋಡಕೂಡದು. ಒಪ್ಪಿಕೊಂಡೆ. ಬೆಟ್ಟದ ಬುಡದ ತೆಂಗಿನ ತೋಪಿನಲ್ಲಿ ಅದಕ್ಕೊಂದು ಕೊಟ್ಟಿಗೆ ಕಟ್ಟಿಸಿದೆವು. ಅಲ್ಲಿಯವರೆಗೆ ಆಟೋ, ಅಲ್ಲಿಂದ ಮೇಲಕ್ಕೆ ಕುದುರೆ. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು, ಎರಡು ಕುದುರೆ ಮುದಿಯಾಗಿ ಸತ್ತವು, ಈಗಿರುವ ಕೆಂಪು ಹೆಣ್ಣು ಮೂರನೆಯದು.

ಆಪರೇಶನ್ ಆದ ಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎರಡು ತೊಡೆಗಳ ನಡುವೆ ದಿಂಬಿಟ್ಟುಕೊಂಡು ಅಂಗಾತ ಮಲಗಬೇಕು. ಚಕ್ಕಂಬಕ್ಕಳ ಹಾಕಕೂಡದು, ಕುಕ್ಕರಗಾಲಿನಲ್ಲಿ ಕೂರಕೂಡದು, ನೆಲದ ಮೇಲೆ ಬಿದ್ದದ್ದನ್ನು ಬಗ್ಗಿ ಎತ್ತಕೂಡದು. ತೇನಿಯಲ್ಲಿ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿಯ ಹತ್ತಿರ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಅವಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದಳು. ನೋವಾದಾಗ ನನ್ನ ಬಾಯಲ್ಲಿ ಬೈಗುಳ ಬರುವುದು ನಮ್ಮ ಮನೆಮಾತಾದ ಕನ್ನಡದಲ್ಲೇ. ಅವಳು ತಮಿಳಿನವಳು, ಕನ್ನಡ ಬರುವುದಿಲ್ಲ, ಹಾಗಾಗಿ ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು. ಯಾಕಮ್ಮಾ ಇಷ್ಟು ಹಟ ಎಂದು ಒಮ್ಮೆ ಕೇಳಿದಳು. ಕುದುರೆ ಕಾಯುತ್ತಿದೆ ಎಂದೆ. ತಮಾಷೆ ಎಂದುಕೊಂಡಳು.

ಒಂದು ವರ್ಷ ತುಂಬಿತು. ಡಾಕ್ಟರು ಕೀಲಿನ ಫೋಟೋ ತೆಗೆಸಿ ನೋಡಿ ಆಗಬಹುದೆಂದು ತಲೆಯಾಡಿಸಿದರು. ಇನ್ನು ಮೆಟ್ಟಿಲೊಂದು ಬೇಕು. ಕೊಟ್ಟಿಗೆಯ ಪಕ್ಕದಲ್ಲಿ ನಾಲ್ಕು ಮೆಟ್ಟಿಲು ಕಟ್ಟಿಸು ಎಂದು ಮಗನಿಗೆ ಹೇಳಿದೆ. ಅಂಗಡಿ ಈಗ ಅವನದು, ಮೇಸ್ತ್ರಿಗಳೆಲ್ಲ ಅವನ ಗುರುತಿನವರೇ. ಆಗಲಿ ಅವ್ವಾ ಅಂದ. ತಿಂಗಳು ಕಳೆದು ಮೇಸ್ತ್ರಿ ಬಂದ, ದನಕ್ಕೆ ನೀರಿನ ತೊಟ್ಟಿ ಕಟ್ಟಿ ಹೋದ. ಮತ್ತೆ ಹೇಳಿದೆ, ಮತ್ತೆ ಬಂದ, ಮೋಟಾರು ಕೋಣೆಗೆ ಗಿಲಾವು ಮಾಡಿ ಹೋದ. ಮೂರನೆಯ ಸಲ ಸಿಮೆಂಟು ಮುಗಿಯಿತಂತೆ. ನಾನು ದಡ್ಡಿಯಲ್ಲ. ಇಲ್ಲ ಎಂದು ಮುಖಕ್ಕೆ ಹೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ, ಆಗಲಿ ಎಂದು ಹೇಳುತ್ತಾ ಹೋದರೆ ನಾನೇ ಸೋತು ಸುಮ್ಮನಾಗುತ್ತೇನೆ ಎಂದು ಅಪ್ಪ ಮಗ ಲೆಕ್ಕ ಹಾಕಿದ್ದರು. ನಡುವೆ ಒಂದು ದಿನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹತ್ತಲು ನೋಡಿದೆ. ಕುರ್ಚಿಯ ಕಾಲು ಮರಳಿನಲ್ಲಿ ಹೂತಿತು, ಕುದುರೆ ಸರಿಯಿತು, ಕುದುರೆ ನೋಡಿಕೊಳ್ಳುವ ನಮ್ಮ ಆಳು ನನ್ನನ್ನು ಹಿಡಿಯದಿದ್ದರೆ ಮತ್ತೆ ಮಧುರೆಗೇ ಹೋಗಬೇಕಿತ್ತು.

ಅದು ಮನೆಗೆ ಗೊತ್ತಾಯಿತು. ಮಗ ಊಟಕ್ಕೆ ಕೂತಾಗ, ಕುದುರೆ ಸುಮ್ಮನೆ ತಿಂದುಕೊಂಡು ನಿಂತಿದೆ, ಬೋಡಿ ಕಡೆ ಕಾಫಿ ಮೂಟೆ ಹೊರಿಸುವವರು ಕೇಳಿದ್ದಾರೆ, ಮುಂದಿನ ವಾರ ಬಂದು ಹಿಡಿದುಕೊಂಡು ಹೋಗುತ್ತಾರೆ ಎಂದ. ಯಜಮಾನರು ಮಜ್ಜಿಗೆ ಕಲಸುತ್ತಾ ಹೂಂ ಅಂದರು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಹಪ್ಪಳ ಬಡಿಸಿದೆ.

ಮರುದಿನ ಬೆಳಿಗ್ಗೆ ಒಬ್ಬಳೇ ಆಟೋ ಹತ್ತಿ ತೋಪಿಗೆ ಹೋದೆ. ಕೊಟ್ಟಿಗೆಯಿಂದ ನೂರು ಹೆಜ್ಜೆ ಮುಂದೆ, ಬೆಟ್ಟದ ದಾರಿ ಶುರುವಾಗುವಲ್ಲಿ ಅಕ್ಕನ ಕಲ್ಲು ಇದೆ. ನಮ್ಮ ಕಡೆ ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ಸತ್ತ ಹೆಂಗಸಿಗೆ ದಾರಿಯ ಪಕ್ಕ ಒಂದು ಹೊರೆಗಲ್ಲು ನಿಲ್ಲಿಸುತ್ತಾರೆ. ತಮಿಳಿನವರು ಸುಮೈತಾಂಗಿ ಅನ್ನುತ್ತಾರೆ. ಎರಡು ಕಂಬ ನೆಟ್ಟು ಮೇಲೊಂದು ಉದ್ದನೆಯ ಚಪ್ಪಡಿ, ಅಷ್ಟೇ. ತಲೆಹೊರೆ ಹೊತ್ತು ಬರುವವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ ದಣಿವಾರಿಸಿಕೊಳ್ಳಬಹುದು. ಹಾಗೆ ಯಾರೋ ಒಬ್ಬರು ಹೊರೆ ಇಳಿಸಿದಾಗಲೆಲ್ಲ, ಇಳಿಸಲಾಗದೆ ಹೋದವಳ ಭಾರವೂ ಒಂದು ಗಳಿಗೆ ಇಳಿಯುತ್ತದೆ ಎಂದು ನಂಬಿಕೆ. ಅಕ್ಕ ಸತ್ತ ವರ್ಷ ಮಾವನವರು ನಿಲ್ಲಿಸಿದ್ದು. ಅಂಚಿನಲ್ಲಿ ಅವಳ ಹೆಸರನ್ನು ತಮಿಳಿನಲ್ಲಿ ಕೆತ್ತಿಸಿದ್ದಾರೆ, ಅರ್ಧ ಸವೆದಿದೆ. ಈಗ ತಲೆಹೊರೆ ಹೊರುವವರು ಯಾರಿದ್ದಾರೆ? ಇಪ್ಪತ್ತು ವರ್ಷದಿಂದ ಆ ಕಲ್ಲಿನ ಮೇಲೆ ಒಬ್ಬರೂ ಏನನ್ನೂ ಇಳಿಸಿದ್ದನ್ನು ನಾನು ಕಂಡಿಲ್ಲ. ಮೇಕೆಗಳು ಮಲಗುತ್ತವೆ. ಯಾರೋ ಚುನಾವಣೆಯಲ್ಲಿ ಸುಣ್ಣ ಬಳಿದು ಚಿಹ್ನೆ ಬರೆದು ಹೋದರು. ಬೆಟ್ಟ ಹತ್ತುವುದನ್ನು ಬಿಟ್ಟ ಮೇಲೆ ಯಜಮಾನರು ಅತ್ತ ಕಡೆ ಬಂದವರೇ ಅಲ್ಲ.

ಬೆಟ್ಟದ ಮಣ್ಣು ವರ್ಷ ವರ್ಷ ಜರಿದು ಬಂದು ಕಲ್ಲಿನ ಹಿಂದೆ ದಿಬ್ಬವಾಗಿ ಕೂತಿದೆ. ಹಿಂದಿನಿಂದ ಹೋದರೆ ಚಪ್ಪಡಿ ಒಂದು ಗೇಣು ಎತ್ತರ ಮಾತ್ರ. ಮುಂದೆ ದಾರಿಯ ಕಡೆಯಿಂದ ನೋಡಿದರೆ ನನ್ನ ಎದೆಯ ಮಟ್ಟ, ಸರಿಯಾಗಿ ಜೀನಿನ ಮಟ್ಟ. ಇದನ್ನು ನಾನು ಅವತ್ತೇ ಕಂಡೆ ಎಂದರೆ ಸುಳ್ಳು. ಡಾಕ್ಟರು ಎತ್ತರ ಎಂದ ದಿನದಿಂದಲೂ ಆ ಕಲ್ಲು ಕಣ್ಣ ಮುಂದೆ ಬರುತ್ತಿತ್ತು, ನಾನು ತಳ್ಳುತ್ತಿದ್ದೆ.

ಕುದುರೆಯನ್ನು ಕಲ್ಲಿನ ಪಕ್ಕಕ್ಕೆ ತಂದು ನಿಲ್ಲಿಸು ಎಂದು ಆಳಿಗೆ ಹೇಳಿದೆ. ಐವತ್ತು ವರ್ಷದ ಗಟ್ಟಿ ಮನುಷ್ಯ, ಒಂದು ಮಾತಿಗೂ ಎದುರಾಡದವನು, ಅವತ್ತು ನಿಂತೇಬಿಟ್ಟ. ಅದು ಬೇಡಮ್ಮ ಎಂದು ತಮಿಳಿನಲ್ಲಿ ಎರಡು ಸಲ ಹೇಳಿದ. ನಾನು ನೋಡಿದ ನೋಟಕ್ಕೆ ಲಗಾಮು ಹಿಡಿದು ತಂದು ನಿಲ್ಲಿಸಿ ಮುಖ ಆಚೆ ತಿರುಗಿಸಿಕೊಂಡ. ನಾನು ದಿಬ್ಬ ಹತ್ತಿ, ಚಪ್ಪಲಿ ಬಿಟ್ಟು, ಒಳ್ಳೆಯ ಕಾಲನ್ನು ಮೊದಲು ಅಕ್ಕನ ಕಲ್ಲಿನ ಮೇಲಿಟ್ಟೆ. ಕಲ್ಲು ಆಗಲೇ ಬೆಚ್ಚಗಾಗಿತ್ತು. ಏನಾದರೂ ಅನ್ನಿಸೀತು ಎಂದು ಕಾದೆ, ಏನೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷದಲ್ಲಿ ನಿನಗೆ ಸಿಕ್ಕ ಹೊರೆ ನಾನೊಬ್ಬಳೇ ಕಣೇ ಎಂದು ಮನಸ್ಸಿನಲ್ಲೇ ಅಂದುಕೊಂಡು, ಎಡಗಾಲಿನ ಮೇಲೆ ಭಾರ ಬಿಟ್ಟು, ಬಲಗಾಲನ್ನು ದಾಟಿಸಿ ಕೂತೆ.

ನೋವಿರಲಿಲ್ಲ. ಅದನ್ನು ನಂಬುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಆಪರೇಶನ್ನಿಗೆ ಮುಂಚಿನ ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಏರಿದ್ದ ದಾರಿ ಅದು. ಈಗ ತೊಡೆಗಳು ನಡುಗುತ್ತಿದ್ದವು, ಬೆನ್ನು ಬೆವರಿತ್ತು, ಆದರೆ ಒಳಗೆ ಕುಟುಕುತ್ತಿದ್ದ ಆ ಮುಳ್ಳು ಇಲ್ಲ. ಕುದುರೆ ಮೊದಲ ತಿರುವಿನಲ್ಲಿ ಅಭ್ಯಾಸದಂತೆ ನಿಂತು ಉಚ್ಚೆ ಹೊಯ್ಯಿತು. ನಾನು ಗಟ್ಟಿಯಾಗಿ ಅತ್ತೆ. ಆಳು ಹಿಂದೆಯೇ ನಡೆದು ಬರುತ್ತಿದ್ದ, ಕೇಳಿಸಿದರೂ ಕೇಳಿಸಲಿಲ್ಲ ಅನ್ನುವ ಹಾಗೆ ಇದ್ದ. ತೋಟ ಕೆಟ್ಟಿತ್ತು. ಬೂರುಗದ ಕಾಯಿ ಒಡೆದು ಹತ್ತಿ ಬೇಲಿಗೆಲ್ಲ ಅಂಟಿತ್ತು, ನಿಂಬೆಗೆ ಬಳ್ಳಿ ಹಬ್ಬಿತ್ತು. ಇವರು ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಲೇ ಇದ್ದರಲ್ಲ ಎಂದು ಸಿಟ್ಟು ಬಂತು, ಆ ಸಿಟ್ಟೂ ಅವತ್ತು ರುಚಿಯಾಗಿತ್ತು. ಕುದುರೆಯ ಮೇಲೆಯೇ ಕೂತು ಒಂದು ಸುತ್ತು ಹಾಕಿ ಇಳಿಜಾರಿಗೆ ತಿರುಗಿಸಿದೆ.

ಕೆಳಗೆ ಬಂದಾಗ ಯಜಮಾನರು ಕಲ್ಲಿನ ಮುಂದೆ ನಿಂತಿದ್ದರು. ಮೇಲೆ ಸಿಗ್ನಲ್ ಸಿಕ್ಕ ಕಡೆ ಆಳು ಮಗನಿಗೆ ಫೋನು ಮಾಡಿದ್ದನಂತೆ. ಮಗ ಪಕ್ಕದಲ್ಲಿ ಬೈಕಿನ ಮೇಲೆ ಕೂತಿದ್ದ. ಎಪ್ಪತ್ತೆರಡು ವರ್ಷದ ಮನುಷ್ಯ ಬೆಟ್ಟದ ಬುಡಕ್ಕೆ ಬಂದು ಎಷ್ಟು ಕಾಲವಾಗಿತ್ತೋ. ಚಪ್ಪಡಿಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದರು. ಬೈಯುತ್ತಾರೆ ಎಂದುಕೊಂಡೆ, ಆದರೆ ಅವರ ದನಿ ಏರಲೇ ಇಲ್ಲ.

"ನೀ ಅವ್ಳ್ ಮನೆ ಏರ್ದೆ," ಅಂದರು. "ಅವ್ಳ್ ಕಟ್ಟಿಲ್ ಏರ್ದೆ. ಈ ಕಲ್ಲ್ ಒಂದ್ ಮಿಕ್ಕಿತ್ತು. ಅದೂ ಏರ್ಬಿಟ್ಟೆ."

ಕಟ್ಟಿಲ್ ಎಂದರೆ ನಮ್ಮ ಮನೆಮಾತಿನಲ್ಲಿ ಮಂಚ. ನಲವತ್ತನಾಲ್ಕು ವರ್ಷ ಅವರ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಆವತ್ತು ಗೊತ್ತಾಯಿತು. ನಾನು ಅಕ್ಕನ ಬದಲಿ ಎಂದು ಅವರು ತಿಳಿದಿದ್ದಾರೆ ಎಂದೇ ನಾನು ಇಷ್ಟು ದಿನ ನೊಂದುಕೊಂಡಿದ್ದೆ. ಬದಲಿಯೂ ಅಲ್ಲ, ನಾನು ಅವರ ಪಾಲಿಗೆ ಅಕ್ಕನ ಜಾಗ ಕಿತ್ತುಕೊಂಡವಳು. ಹದಿನೇಳು ವರ್ಷದ ಹುಡುಗಿ ಸೀರೆ ಸುತ್ತಿಕೊಂಡು ತಾನಾಗಿ ಬಂದು ಮಂಚ ಹತ್ತಿದಳಂತೆ.

"ನಾನ್ ಏರ್ಲಿಲ್ಲ," ಎಂದೆ. "ನೀವೆಲ್ಲಾರೂ ಸೇರಿ ಏರ್ಸಿದ್ರಿ."

ಅವರು ಕಲ್ಲಿನ ಮುಂದಿನಿಂದ ಕದಲಲಿಲ್ಲ. ಮಗ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಇಳೀ ಅವ್ವಾ, ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದ. ನೆಲಕ್ಕೆ ಇಳಿಯಬಾರದೆಂದು ಡಾಕ್ಟರು ಹೇಳಿದಾಗ ಅವನೂ ಪಕ್ಕದಲ್ಲಿ ಕೂತಿದ್ದ. ಕುದುರೆಯ ಮೇಲೆ ಹೀಗೆ ಎಷ್ಟು ಹೊತ್ತು ಕೂತಿರಲಿ? ನನ್ನ ಊರಿನಲ್ಲಿ ಜೀನಿನ ಮಟ್ಟಕ್ಕೆ ಇರುವ ಇನ್ನೊಂದು ಜಾಗ ಯಾವುದು ಎಂದು ಯೋಚಿಸಿದೆ. ನಮ್ಮ ಬೀದಿಯಲ್ಲಿ ಹಳೆಯ ತಿಣ್ಣೆ ಒಡೆಯದೆ ಉಳಿಸಿಕೊಂಡ ಮನೆ ನಮ್ಮದೊಂದೇ, ನಾಲ್ಕು ಅಡಿ ಎತ್ತರದ ಒಳ್ಳೆಯ ಕಲ್ಲಿನ ಜಗಲಿ. ಲಗಾಮು ಎಳೆದೆ.

ಟಾರು ರಸ್ತೆ ದಾಟುವಾಗ ಒಂದು ಬಸ್ಸು ನಿಂತು ದಾರಿ ಬಿಟ್ಟಿತು. ಡ್ರೈವರು ತಲೆ ಹೊರಗೆ ಹಾಕಿ ನೋಡಿದ. ಬಜಾರಿನಲ್ಲಿ ಟೀ ಅಂಗಡಿಯವರು, ಟೈಲರು, ನಮ್ಮದೇ ಗೊಬ್ಬರದಂಗಡಿಯ ಮುಂದೆ ನಿಂತ ರೈತರು, ಎಲ್ಲರೂ ಮಾತು ನಿಲ್ಲಿಸಿದರು. ಕೆಲವರು ಫೋನು ತೆಗೆದರು. ನನಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ; ಬಾಯಿ ಒಣಗಿತ್ತು ಅಷ್ಟೇ. ಹಿಂದೆ ಮಗನ ಬೈಕು ಕುದುರೆಯ ನಡಿಗೆಗೆ ತಕ್ಕಂತೆ ಗುರುಗುಡುತ್ತಾ ಬರುತ್ತಿತ್ತು, ಅದರ ಮೇಲೆ ಯಜಮಾನರೂ ಕೂತಿದ್ದರು. ಮದುವೆಯ ಮೆರವಣಿಗೆಗೂ ಅಷ್ಟು ಜನ ನಿಂತು ನೋಡಿರಲಿಲ್ಲ. ಮನೆಯ ಮುಂದೆ ಕುದುರೆಯನ್ನು ತಿಣ್ಣೆಗೆ ಒತ್ತಿ ನಿಲ್ಲಿಸಿ, ಬಲಗಾಲನ್ನು ಈಚೆಗೆ ತಂದು, ಕೆಟ್ಟ ಕಾಲನ್ನು ಮೊದಲು ಇಳಿಸಿ ಒಳಗೆ ಹೋಗಿ ನೀರು ಕುಡಿದೆ.

ನಾಲ್ಕನೆಯ ದಿನಕ್ಕೆ ಕೊಟ್ಟಿಗೆಯ ಪಕ್ಕದಲ್ಲಿ ಮೆಟ್ಟಿಲುಗಳು ಎದ್ದಿದ್ದವು. ಆರು ತಿಂಗಳು ಸಿಗದ ಸಿಮೆಂಟು ಎಲ್ಲಿಂದ ಬಂತೋ. ಅಗಲವಾದ ಮೆಟ್ಟಿಲು, ಮೇಲೆ ನಿಲ್ಲಲು ಕಟ್ಟೆ, ಹಿಡಿದುಕೊಳ್ಳಲು ಪೈಪಿನ ಕಂಬಿ, ಮಗ ಕುದುರೆಯ ಪಕ್ಕದಲ್ಲಿ ನಿಂತು ಅಳತೆ ತೆಗೆದು ಮಾಡಿಸಿದ್ದ. ಬೋಡಿಯವರ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ನಾನು ಇನ್ನೊಮ್ಮೆ ಬೀದಿಯಲ್ಲಿ ಬಂದುಬಿಟ್ಟರೆ ಎಂಬ ಹೆದರಿಕೆ ಅಪ್ಪ ಮಗನ ಮೇಲೆ ಡಾಕ್ಟರ ಮಾತಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು.

ಅದೇ ಮೇಸ್ತ್ರಿ ಅದೇ ವಾರ ಅಕ್ಕನ ಕಲ್ಲಿನ ಕೆಲಸವನ್ನೂ ಮಾಡಿದ. ಹಿಂದಿನ ದಿಬ್ಬವನ್ನು ಕಡಿದು ಹಾಕಿದರು. ಮೇಕೆ ಹಿಕ್ಕೆ ತೊಳೆದರು, ಚುನಾವಣೆಯ ಬಣ್ಣ ಉಜ್ಜಿದರು, ಅರಿಶಿನ ಬಳಿದರು. ಸುತ್ತಲೂ ಕಬ್ಬಿಣದ ಸರಳಿನ ಬೇಲಿ, ಮೇಲೆ ತಗಡಿನ ಮಾಡು, ಮುಂದೆ ಒಂದು ಗೇಟು, ಗೇಟಿಗೆ ಬೀಗ. ಇನ್ನು ಯಾರೂ ಅದರ ಮೇಲೆ ಕಾಲಿಡುವ ಹಾಗಿಲ್ಲ. ಹೊರೆ ಇಳಿಸುವ ಹಾಗೂ ಇಲ್ಲ. ಪ್ರತಿ ಶುಕ್ರವಾರ ಯಜಮಾನರು ಮಗನ ಬೈಕಿನಲ್ಲಿ ಬಂದು ಬೀಗ ತೆಗೆದು ದೀಪ ಹಚ್ಚಿ ಮತ್ತೆ ಬೀಗ ಹಾಕಿಕೊಂಡು ಹೋಗುತ್ತಾರೆ. ಊರಿನವರು ಎಂಥ ಪ್ರೀತಿ ಎಂದು ಮಾತಾಡಿಕೊಳ್ಳುತ್ತಾರೆ.

ನಾನು ವಾರಕ್ಕೆ ಮೂರು ದಿನ ಸಿಮೆಂಟಿನ ಮೆಟ್ಟಿಲು ಹತ್ತಿ ಕುದುರೆಯ ಮೇಲೆ ಕೂತು ಆ ಬೇಲಿಯ ಪಕ್ಕದಲ್ಲೇ ಹಾದು ಹೋಗುತ್ತೇನೆ. ಕಲ್ಲು ಯಾತಕ್ಕೆ ಇಟ್ಟದ್ದು ಎಂದು ಈ ಮನೆಯಲ್ಲಿ ನೆನಪಿರುವವಳು ನಾನೊಬ್ಬಳೇ. ಬೀಗ ಹಾಕಿದ ದಿನ ಒಂದು ಮಾತು ಹೇಳಬಹುದಿತ್ತು, ಹೇಳಿದರೆ ಇನ್ನೂ ಹಸಿಯಿದ್ದ ಮೆಟ್ಟಿಲನ್ನು ಕೆಡವಿಸಿಯಾರು ಎಂದು ಸುಮ್ಮನಿದ್ದೆ. ಮೆಟ್ಟಿಲು ಒಣಗಿ ಗಟ್ಟಿಯಾದ ಮೇಲೂ ಸುಮ್ಮನಿದ್ದೇನೆ. ಕೀಲಿಕೈ ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ. ಆ ಅಂಗಿಯನ್ನು ಒಗೆಯುವವಳು ನಾನು, ನೀರಿಗೆ ಹಾಕುವ ಮುಂಚೆ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು, ಅಂಗಿ ಒಣಗಿದ ಮೇಲೆ ಮತ್ತೆ ಅದರ ಜೇಬಿಗೇ ಹಾಕುತ್ತೇನೆ.